ಕೇಳಿ ಕೇಳಿ ಬೆಳೆದ ಮುತ್ತುಸ್ವಾಮಿ ದೀಕ್ಷಿತರು

ನಮ್ಮ ಶಿವಮೊಗ್ಗದಲ್ಲಿ ಸಂಗೀತ ಕೇಳುವವರ ನಡುವೆ ಒಂದು ಮಾತು ಓಡಾಡುತ್ತಲೇ ಇರುತ್ತದೆ. ತ್ಯಾಗರಾಜರು ಮನಸ್ಸಿಗೆ, ದೀಕ್ಷಿತರು ಬುದ್ಧಿಗೆ ಅಂತ. ಹಳಬರು ಕರ್ನಾಟಕ ಸಂಗೀತದ ಮೂವರು ದೊಡ್ಡ ಕೃತಿಕಾರರನ್ನೂ ಸೇರಿಸಿ ಇದನ್ನೇ ಬೇರೆ ಥರ ಹೇಳುತ್ತಿದ್ದರು. ತ್ಯಾಗರಾಜರದು ದ್ರಾಕ್ಷಾಪಾಕ, ಶ್ಯಾಮಾಶಾಸ್ತ್ರಿಗಳದು ಕದಳೀಪಾಕ, ದೀಕ್ಷಿತರದು ನಾರಿಕೇಳಪಾಕ. ಬಾಯಿಗೆ ಹಾಕಿದರೆ ದ್ರಾಕ್ಷಿ ಸಿಹಿ, ಬಾಳೆಹಣ್ಣಿಗೆ ಸಿಪ್ಪೆ ಸುಲಿಯಬೇಕು, ತೆಂಗಿನಕಾಯಿಯನ್ನು ಒಡೆಯಲೇಬೇಕು. ಕೇಳಲು ಚೆನ್ನಾಗಿದೆ. ಆದರೆ ಈ ಮಾತಿನಿಂದ ದೀಕ್ಷಿತರಿಗೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ ಆಗಿದೆ ಅಂತ ನನಗನ್ನಿಸುತ್ತದೆ. ಕಷ್ಟ ಅಂತ ಮೊದಲೇ ಹೇಳಿಬಿಟ್ಟರೆ ಯಾರು ತಾನೇ ಕಿವಿಗೊಟ್ಟು ಕೂರುತ್ತಾರೆ?

ರಾಮೋತ್ಸವದ ಕಚೇರಿಗಳನ್ನೇ ನೋಡಿ. ಶುರುವಿಗೆ ಹಂಸಧ್ವನಿಯಲ್ಲಿ ‘ವಾತಾಪಿ ಗಣಪತಿಂ’ ಹಾಡಿದರೆ ದೀಕ್ಷಿತರ ಪಾಲು ಮುಗಿಯಿತು ಅನ್ನುವಂಥ ಕಚೇರಿಗಳು ಎಷ್ಟೋ. ಅದನ್ನೂ ಎಷ್ಟು ಬೇಗ ಹಾಡುತ್ತಾರೆ ಅಂದರೆ, ಗಣಪತಿಗೆ ಕೈ ಮುಗಿದು ತಲೆ ಎತ್ತುವಷ್ಟರಲ್ಲಿ ಚರಣಕ್ಕೆ ಬಂದಿರುತ್ತಾರೆ. ಆ ಹಂಸಧ್ವನಿ ರಾಗವನ್ನು ರೂಪಿಸಿದವರು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಅನ್ನುವುದು ಸಭೆಯಲ್ಲಿ ಕೂತ ಎಷ್ಟು ಜನಕ್ಕೆ ಗೊತ್ತು? ಅಪ್ಪ ಮಾಡಿದ ರಾಗಕ್ಕೆ ಮಗ ಕಟ್ಟಿದ ಕೃತಿ ಅದು.

ನನಗೆ ದೀಕ್ಷಿತರು ಪಂಡಿತರಾಗಿ ಕಾಣುವ ಮೊದಲು ಕೇಳುಗರಾಗಿ ಕಾಣುತ್ತಾರೆ. ತುಂಬ ದೊಡ್ಡ ಕೇಳುಗ. ಬದುಕಿನ ಮೊದಲ ಭಾಗವನ್ನೆಲ್ಲ ಅವರು ಕಲಿಯುವುದರಲ್ಲಿ, ಕೇಳುವುದರಲ್ಲಿ ಕಳೆದರು. ಆಮೇಲೆ ಹಾಡಿದರು.

ಹುಟ್ಟಿದ್ದು 1775ರಲ್ಲಿ, ತಿರುವಾರೂರಿನಲ್ಲಿ. ಶ್ಯಾಮಾಶಾಸ್ತ್ರಿಗಳು 1762ರಲ್ಲಿ, ತ್ಯಾಗರಾಜರು 1767ರಲ್ಲಿ ಹುಟ್ಟಿದ್ದೂ ಅದೇ ಊರಿನಲ್ಲಿ. ಅದು ನೆಮ್ಮದಿಯ ಕಾಲವೇನಲ್ಲ. 1763ರಲ್ಲಿ ನಮ್ಮ ಬಿದನೂರನ್ನು, ಅಂದರೆ ಈಗಿನ ನಗರವನ್ನು, ಗೆದ್ದುಕೊಂಡ ಹೈದರಾಲಿಯ ಸೈನ್ಯವೇ 1781ರಲ್ಲಿ ತಂಜಾವೂರು ಸೀಮೆಗೂ ನುಗ್ಗಿತು. ಊರೂರು ಹಾಳಾದವು. ಮುತ್ತುಸ್ವಾಮಿ ಆಗ ಸಣ್ಣ ಹುಡುಗ. ಹೊಸನಗರದ ಕಡೆ ಹೋಗಿ ನಗರದ ಕೋಟೆ ಹತ್ತಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಕೆಳದಿ ಅರಸರ ಕಥೆ ಮುಗಿದದ್ದಕ್ಕೂ ಕಾವೇರಿ ಸೀಮೆಯ ಆ ಹುಡುಗನ ಬಾಲ್ಯಕ್ಕೂ ಮಧ್ಯೆ ಬರೀ ಹದಿನೆಂಟು ವರ್ಷದ ಅಂತರ.

ಮನೆಯೇ ಪಾಠಶಾಲೆ. ತಂದೆ ಸಾಮಾನ್ಯರಲ್ಲ, ನೂರೆಂಟು ರಾಗತಾಳಗಳ ಒಂದು ಮಾಲಿಕೆಯನ್ನೇ ರಚಿಸಿದವರು. ಅವರು ಕಲಿತದ್ದು ವೆಂಕಟಮಖಿಯ ಪರಂಪರೆಯಲ್ಲಿ. ಇಲ್ಲಿ ನಾವು ಕನ್ನಡದವರು ಸ್ವಲ್ಪ ನಿಲ್ಲಬೇಕು. ಹದಿನೇಳನೆಯ ಶತಮಾನದಲ್ಲಿ ‘ಚತುರ್ದಂಡೀ ಪ್ರಕಾಶಿಕೆ’ ಬರೆದು ಎಪ್ಪತ್ತೆರಡು ಮೇಳಗಳ, ಅಂದರೆ ಮೂಲರಾಗಗಳ, ಲೆಕ್ಕ ಕೊಟ್ಟ ವೆಂಕಟಮಖಿ, ತಂಜಾವೂರು ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ. ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಆ ಲೆಕ್ಕವನ್ನು ಬರೀ ಲೆಕ್ಕವಾಗಿ ಬಿಡದೆ ಹಾಡಾಗಿ ಮಾಡಿದವರು ಮುತ್ತುಸ್ವಾಮಿ ದೀಕ್ಷಿತರು. ನಾವು ಷಣ್ಮುಖಪ್ರಿಯ ಅನ್ನುವ ರಾಗ ಅವರ ಸಂಪ್ರದಾಯದಲ್ಲಿ ಚಾಮರ. ನಾವು ಕನಕಾಂಗಿ ಅನ್ನುವ ಜಾಗದಲ್ಲಿ ಅವರದು ಕನಕಾಂಬರಿ. ಹೆಸರಷ್ಟೇ ಬೇರೆ ಅಂತ ತಿಳಿಯಬೇಡಿ. ರಾಗ ನಡೆಯುವ ರೀತಿಯೂ ಬೇರೆ. ಮೇಳ ಅಂದರೆ ಏಳು ಸ್ವರವನ್ನೂ ನೆಟ್ಟಗೆ ಹತ್ತಿ ಇಳಿಯಲೇಬೇಕು ಅನ್ನುವ ಹಟ ಅಲ್ಲಿಲ್ಲ. ಸ್ವರಗಳು ಬಳಸಿ ಬರುತ್ತವೆ, ಕೆಲವು ಕಡೆ ಬಿಟ್ಟು ಹೋಗುತ್ತವೆ.

ಹರೆಯದಲ್ಲಿ ಅವರ ಕುಟುಂಬ ಮದರಾಸಿನ ಹತ್ತಿರ ಮಣಲಿ ಅನ್ನುವ ಊರಿಗೆ ಹೋಯಿತು. ಅಲ್ಲಿನ ಮುದಲಿಯಾರ್ ಮನೆತನ ಆಶ್ರಯ ಕೊಟ್ಟಿತು. ಆ ಮನೆಯವರಿಗೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ವ್ಯವಹಾರ ಇತ್ತು. ಹಾಗಾಗಿ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ಈ ಹುಡುಗರ ಕಿವಿಗೆ ಬಿತ್ತು. ಆ ಮನೆಯಲ್ಲಿ ಆದದ್ದು ಎರಡು ಕೆಲಸ, ಎರಡೂ ಇವತ್ತಿಗೂ ಉಳಿದಿವೆ. ತಮ್ಮ ಬಾಲುಸ್ವಾಮಿ ಯುರೋಪಿಯನ್ ವಾದಕನೊಬ್ಬನ ಹತ್ತಿರ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇವತ್ತು ಪಿಟೀಲಿಲ್ಲದ ಕಚೇರಿಯನ್ನು ಊಹಿಸಿಕೊಳ್ಳಿ ನೋಡೋಣ. ಅಣ್ಣ ಮುತ್ತುಸ್ವಾಮಿ ಆ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ಅವೇ ನೊಟ್ಟುಸ್ವರಗಳು, ಮೂವತ್ತಕ್ಕೂ ಜಾಸ್ತಿ ಇವೆ.

ನಮ್ಮಲ್ಲಿ ಸಂಗೀತ ಕ್ಲಾಸಿಗೆ ಹೋಗುವ ಮಕ್ಕಳು ‘ಶಕ್ತಿಸಹಿತ ಗಣಪತಿಂ’ ಹಾಡುತ್ತಾರಲ್ಲ, ಅದು ನೊಟ್ಟುಸ್ವರ. ‘ಸಂತತಂ ಪಾಹಿಮಾಂ’ ಅಂತೂ ಬ್ರಿಟಿಷರ ರಾಜಗೀತೆಯ ಧಾಟಿಯಲ್ಲೇ ಇದೆ. ರಾಜನನ್ನು ಕಾಪಾಡು ಅಂತ ಸಿಪಾಯಿಗಳು ನುಡಿಸುತ್ತಿದ್ದ ಮಟ್ಟಿಗೆ ಇವರು ದೇವಿಯ ಪ್ರಾರ್ಥನೆ ಕೂರಿಸಿದರು. ಕೆಲವರಿಗೆ ಈ ನೊಟ್ಟುಸ್ವರಗಳು ಮಕ್ಕಳ ಆಟಿಕೆ ಅನ್ನಿಸುತ್ತದೆ. ದೀಕ್ಷಿತರ ದೊಡ್ಡ ಕೃತಿಗಳ ಎದುರು ಇವು ಚಿಕ್ಕವೇ, ಒಪ್ಪುತ್ತೇನೆ. ಆದರೆ ಒಂದು ವಿಷಯ ಗಮನಿಸಿ. ಶಂಕರಾಭರಣದಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ತುಂಬಿ ತುಳುಕುವಂತೆ ಹಾಡಬಲ್ಲ ಮನುಷ್ಯ ಇಲ್ಲಿ ಒಂದು ಗಮಕವನ್ನೂ ಸೇರಿಸಲಿಲ್ಲ. ಆ ಧಾಟಿ ಹೇಗಿತ್ತೋ ಹಾಗೇ, ನೆಟ್ಟಗಿನ ಸ್ವರಗಳಲ್ಲೇ ಬಿಟ್ಟರು. ಬೇರೆಯವರ ಸಂಗೀತವನ್ನು ಅದರ ಪಾಡಿಗೆ ಅದನ್ನು ಕೇಳುವ ಆ ಮರ್ಯಾದೆ ನನಗೆ ಬಹಳ ಇಷ್ಟ.

ಅಲ್ಲಿಂದ ಕಾಶಿ. ಚಿದಂಬರನಾಥ ಯೋಗಿ ಅನ್ನುವವರು ಮಣಲಿಗೆ ಬಂದರು, ಈ ಹುಡುಗನನ್ನು ನನ್ನ ಜೊತೆ ಕಳಿಸಿ ಅಂದರು. ತಂದೆಗೆ ಮನಸ್ಸಿರಲಿಲ್ಲ, ಕೊನೆಗೆ ಕಳಿಸಿದರು. ಕಾಶಿಯಲ್ಲಿ ಕೆಲವು ವರ್ಷ ವೇದಾಂತ, ಶ್ರೀವಿದ್ಯೆ, ಯೋಗ ಎಲ್ಲ ಆಯಿತು. ಗುರುಗಳು ಗಂಗೆಗೆ ಇಳಿ ಅಂದರಂತೆ, ಇಳಿದಾಗ ಕೈಗೆ ವೀಣೆ ಸಿಕ್ಕಿತಂತೆ, ಅದರ ಮೇಲೆ ರಾಮ ಅಂತ ಬರೆದಿತ್ತಂತೆ. ಈ ಕಥೆಯನ್ನು ನಂಬುವವರು ನಂಬಲಿ. ನನ್ನ ಆಸಕ್ತಿ ಗಂಗೆಯಿಂದ ಬಂದ ಮತ್ತೊಂದರ ಮೇಲೆ. ಅದೇ ಉತ್ತರದ ಸಂಗೀತ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಶಿವಮೊಗ್ಗ ಪೇಟೆಯಲ್ಲಿ ಕರ್ನಾಟಕ ಸಂಗೀತ ಜಾಸ್ತಿ, ಸಾಗರ ದಾಟಿ ಸಿದ್ದಾಪುರ, ಶಿರಸಿ ಕಡೆ ಹೋದರೆ ಹಿಂದೂಸ್ತಾನಿಯದೇ ಗಾಳಿ. ಒಂದೇ ಮನೆಯಲ್ಲಿ ಎರಡೂ ಇರುವುದುಂಟು. ಅಕ್ಕನ ಮನೆ ಇರುವುದು ಸಾಗರದ ಹತ್ತಿರ. ಅಡಿಕೆ ಸುಲಿತದ ಒಂದು ರಾತ್ರಿ, ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತಿದ್ದಾಗ ನಾನು ಫೋನಿನಲ್ಲಿ ‘ಚೇತಃ ಶ್ರೀ ಬಾಲಕೃಷ್ಣಂ’ ಹಾಕಿದೆ. ಭಾವನಿಗೆ ಕರ್ನಾಟಕ ಸಂಗೀತ ಅಷ್ಟಕ್ಕಷ್ಟೆ. ಸ್ವಲ್ಪ ಹೊತ್ತಿಗೇ ಕೈ ನಿಲ್ಲಿಸಿದರು.

“ಇದು ನಮ್ಮ ಜೈಜೈವಂತಿ ಅಲ್ವೇನೋ?”

“ಹೌದು ಭಾವ. ನಾವು ದ್ವಿಜಾವಂತಿ ಅಂತೀವಿ.”

“ಮತ್ತೆ ನಿಮ್ಮವರು ಯಾಕೆ ಇಷ್ಟು ನಿಧಾನಕ್ಕೆ ಹಾಡೋದಿಲ್ಲ ಯಾವಾಗಲೂ?”

ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ದೀಕ್ಷಿತರೇ. ಹಿಂದೂಸ್ತಾನಿಯ ಹಳೆಯ ಗಾಯನ ಶೈಲಿ ಧ್ರುಪದದ ನಿಧಾನಗತಿ ಅವರ ಕೃತಿಗಳ ಮೇಲೆ ನೆರಳು ಹಾಕಿದೆ ಅಂತ ಬಲ್ಲವರು ಹೇಳುತ್ತಾರೆ. ಆ ನಿಧಾನ ದ್ವಿಜಾವಂತಿಯಲ್ಲಿ ಮಾತ್ರ ಇಲ್ಲ. ಯಮುನಾ ಕಲ್ಯಾಣಿಯಲ್ಲಿ ‘ಜಂಬೂಪತೇ’, ಹಮೀರ್ ಕಲ್ಯಾಣಿಯಲ್ಲಿ ‘ಪರಿಮಳ ರಂಗನಾಥಂ’ ಕೇಳಿ. ಬ್ಯಾಂಡಿನ ಧಾಟಿಯನ್ನು ಹಾಗೇ ಬಿಟ್ಟವರು ಉತ್ತರದ ಈ ರಾಗಗಳ ವಿಷಯದಲ್ಲಿ ಬೇರೆಯೇ ದಾರಿ ಹಿಡಿದರು. ಅವನ್ನು ಒಳಗೆ ಕರೆದುಕೊಂಡರು, ವೀಣೆಯ ತಂತಿಯ ಮೇಲೆ ಎಳೆದು ನೋಡಿದರು, ನಮ್ಮ ಗಮಕಕ್ಕೆ ಒಗ್ಗಿಸಿದರು. ಹಾಗಂತ ಅವುಗಳ ಮುಖ ಮರೆಯಾಗಲು ಬಿಡಲಿಲ್ಲ. ಅದಕ್ಕೇ ಅಡಿಕೆ ಸುಲಿಯುತ್ತಿದ್ದ ಭಾವನಿಗೆ ತಕ್ಷಣ ಗುರುತು ಸಿಕ್ಕಿದ್ದು.

ಇಷ್ಟೆಲ್ಲ ಕೇಳಿ ವಾಪಸು ಬಂದ ಮೇಲೆ ತಿರುತ್ತಣಿಯಲ್ಲಿ ಮೊದಲ ಕೃತಿ ಬಂತು. ಬೆಟ್ಟದ ಮೇಲೆ ಸುಬ್ರಹ್ಮಣ್ಯನ ಗುಡಿಯಲ್ಲಿ ಕೂತಿದ್ದಾಗ ಒಬ್ಬ ಮುದುಕ ಬಂದು ಬಾಯಿ ತೆರೆ ಅಂತ ಕಲ್ಲುಸಕ್ಕರೆ ಹಾಕಿದನಂತೆ. ಆಮೇಲೆ ಬಂದದ್ದು ‘ಶ್ರೀನಾಥಾದಿ ಗುರುಗುಹೋ’. ಅಲ್ಲಿಂದ ಮುಂದೆ ಅವರ ಅಂಕಿತ ಗುರುಗುಹ. ಅಷ್ಟು ಹೊತ್ತಿಗೆ ಅವರಿಗೆ ಇಪ್ಪತ್ತು ದಾಟಿತ್ತು. ಎಪ್ಪತ್ತೆರಡು ಮೇಳ ಗೊತ್ತು, ಬ್ಯಾಂಡು ಗೊತ್ತು, ಕಾಶಿಯ ಸಂಗೀತ ಗೊತ್ತು. ಯಾವ ರಾಗದಲ್ಲಿ ಬೇಕಾದರೂ ಶುರು ಮಾಡಬಹುದಿತ್ತು. ಅವರು ಹಿಡಿದದ್ದು ಮಾಯಾಮಾಳವಗೌಳ. ಪುರಂದರದಾಸರು ಸರಳೆ, ಜಂಟಿಗೆ ಇಟ್ಟುಕೊಟ್ಟ ರಾಗ, ಪ್ರತಿ ಮಗುವೂ ಮೊದಲ ದಿನ ಬಾಯಿ ತೆರೆಯುವ ರಾಗ. ಅದರಲ್ಲೂ ಪಲ್ಲವಿಯ ಮೊದಲ ಸಾಲು ರಾಗದ ಆರೋಹಣವನ್ನೇ ಹಿಡಿದು ಮೇಲೆ ಹತ್ತುತ್ತದೆ. ಎಲ್ಲ ಕಲಿತು ಬಂದವರು ಸರಳೆಯ ಹತ್ತಿರಕ್ಕೇ ಬಂದು ನಿಂತರು. ಪಾಂಡಿತ್ಯ ತೋರಿಸುವ ಆಸೆ ಇದ್ದವರು ಹೀಗೆ ಶುರು ಮಾಡುತ್ತಾರಾ? ಬುದ್ಧಿಗೆ ಮಾತ್ರ ಅಂತ ಅವರನ್ನು ತಳ್ಳಿಬಿಡುವವರು ಈ ಕೃತಿಯನ್ನು ಒಮ್ಮೆ ಸಮಾಧಾನದಿಂದ ಕೇಳಬೇಕು.

ಆಮೇಲೆ ಕಂಚಿ, ಮತ್ತೆ ತಿರುವಾರೂರು, ನಡುವೆ ಹೋದ ಹೋದ ದೇವಸ್ಥಾನದಲ್ಲೆಲ್ಲ ಕೃತಿ. ಒಂದೊಂದಾಗಿ ಬರೆದು ಬಿಡುವ ಅಭ್ಯಾಸಕ್ಕಿಂತ ಗುಂಪಾಗಿ ಯೋಚಿಸುವುದು ಅವರ ಸ್ವಭಾವ. ಪಂಚಭೂತಗಳಿಗೆ ಐದು ಕ್ಷೇತ್ರ, ಐದು ಕೃತಿ. ವಾರಕ್ಕೆ ಏಳು ದಿನ, ಏಳು ಗ್ರಹ, ಏಳು ಕೃತಿ. ಈ ವಾರದ ಕೃತಿಗಳಿಗೆ ಅವರು ಏಳು ಸೂಳಾದಿ ತಾಳಗಳನ್ನು ಇಟ್ಟರು. ಸೂರ್ಯನಿಗೆ ಧ್ರುವ, ಚಂದ್ರನಿಗೆ ಮಠ್ಯ, ಹೀಗೆ. ನಮ್ಮ ಹರಿದಾಸರ ಸುಳಾದಿಗಳಲ್ಲಿ ಬೆಳೆದ ತಾಳಗಳು ಇವು. ದಾಸರ ಕನ್ನಡ ತಾಳದ ಮೇಲೆ ತಿರುವಾರೂರಿನ ಸಂಸ್ಕೃತ ಕೃತಿ ನಡೆಯುತ್ತಿದೆ ಅಂತ ಗೊತ್ತಾದರೆ ಕೇಳುವ ಕಿವಿಯೇ ಬೇರೆಯಾಗುತ್ತದೆ ಅಲ್ವಾ?

ಈಗ ಕಮಲಾಂಬಾ ನವಾವರಣಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆದದ್ದೇ ಇದನ್ನು ಹೇಳಬೇಕು ಅಂತ.

ತಿರುವಾರೂರಿನ ದೇವಸ್ಥಾನದಲ್ಲಿ ಕಮಲಾಂಬೆಯ ಗುಡಿ ಇದೆ. ದೇವಿಯ ಪೂಜೆಯ ಶ್ರೀಚಕ್ರಕ್ಕೆ ಒಂಬತ್ತು ಆವರಣ, ಅಂದರೆ ಸುತ್ತು. ಒಂದೊಂದು ಆವರಣಕ್ಕೂ ಒಂದೊಂದು ಕೃತಿ, ಶುರುವಿಗೆ ತೋಡಿಯಲ್ಲಿ ಧ್ಯಾನ, ಕೊನೆಗೆ ಶ್ರೀ ರಾಗದಲ್ಲಿ ಮಂಗಳ. ಒಟ್ಟು ಹನ್ನೊಂದು. ಪ್ರತಿ ಕೃತಿಯಲ್ಲೂ ಆ ಆವರಣದ ಚಕ್ರದ ಹೆಸರು, ಅಲ್ಲಿನ ಯೋಗಿನಿಯರ ಹೆಸರು ಬರಬೇಕು. ಗುರುಗುಹ ಬರಬೇಕು. ಪ್ರಾಸ ಕೂರಬೇಕು. ಇದು ಸಾಲದು ಅಂತ ವ್ಯಾಕರಣವನ್ನೂ ತಂದರು. ಮೊದಲ ಆವರಣ ಪ್ರಥಮಾ ವಿಭಕ್ತಿಯಲ್ಲಿ, ಎರಡನೆಯದು ದ್ವಿತೀಯಾದಲ್ಲಿ, ಹೀಗೆ ಸಾಗಿ ಎಂಟನೆಯದು ಸಂಬೋಧನೆಯಲ್ಲಿ. ಒಂಬತ್ತನೆಯದರಲ್ಲಿ ಎಂಟೂ ವಿಭಕ್ತಿಗಳು ಒಟ್ಟಿಗೆ. ಇಷ್ಟು ಕಟ್ಟುಪಾಡು ಇಟ್ಟುಕೊಂಡು ಬರೆದರೆ ಒಗಟು ಹುಟ್ಟಬೇಕು, ಹಾಡು ಹುಟ್ಟುವುದಿಲ್ಲ ಅಂತ ಯಾರಾದರೂ ಅಂದುಕೊಳ್ಳಬಹುದು. ಕೇಳಿದಾಗ ಆಗುವುದೇ ಬೇರೆ.

ವಿಭಕ್ತಿ ಬದಲಾದಂತೆ ಹಾಡುವವನಿಗೂ ದೇವಿಗೂ ಇರುವ ಸಂಬಂಧ ಬದಲಾಗುತ್ತದೆ. ಮೊದಲು ಅವಳು ಅಲ್ಲಿದ್ದಾಳೆ, ಕಾಪಾಡಲಿ. ಆಮೇಲೆ ಅವಳನ್ನು ಭಜಿಸು. ಆಮೇಲೆ ಅವಳ ಕಟಾಕ್ಷ ನನ್ನ ಮೇಲೆ ಬಿದ್ದಿದೆ. ಹೀಗೆ ಬರುತ್ತಾ ಬರುತ್ತಾ ಎಂಟನೆಯದರಲ್ಲಿ ನೇರವಾಗಿ ಮುಖ ಎತ್ತಿ ಕರೆಯುತ್ತಾರೆ, ‘ಶ್ರೀ ಕಮಲಾಂಬಿಕೇ’ ಅಂತ. ಅದಕ್ಕೆ ಆರಿಸಿದ ರಾಗ ಘಂಟಾ. ಈಗ ಕಚೇರಿಗಳಲ್ಲಿ ಅಪರೂಪಕ್ಕೂ ಕೇಳಿಸದ ರಾಗ. ಒಮ್ಮೆ ಧನ್ಯಾಸಿ ಅನ್ನಿಸುತ್ತದೆ, ಒಮ್ಮೆ ತೋಡಿ, ಒಮ್ಮೆ ಪುನ್ನಾಗವರಾಳಿಯ ಹತ್ತಿರ ಹೋಗಿ ಬರುತ್ತದೆ. ಎಲ್ಲಿಯೂ ನಿಲ್ಲುವುದಿಲ್ಲ. ಕರೆಯುವಾಗ ದನಿ ನಡುಗುತ್ತದಲ್ಲ, ಆ ನಡುಕಕ್ಕೆ ಸರಿಹೊಂದುವ ರಾಗ ಇದೊಂದೇ ಅಂತ ನನಗನ್ನಿಸುತ್ತದೆ. ಬುದ್ಧಿಯಿಂದಷ್ಟೇ ಇದನ್ನು ಆರಿಸಲು ಆಗುವುದಿಲ್ಲ. ತುಂಬ ವರ್ಷ ತುಂಬ ರಾಗ ಕೇಳಿದ ಕಿವಿ ಬೇಕು, ಮತ್ತೆ ತಾಯಿಯನ್ನು ಕರೆಯುವ ಆಸೆಯೂ ಬೇಕು.

ಮತ್ತೂರಿನಂಥ ಊರು ಪಕ್ಕದಲ್ಲೇ ಇರುವ ನಮಗೆ ಸಂಸ್ಕೃತದ ನೆಪ ಹೇಳಲು ಆಗುವುದಿಲ್ಲ. ವಿಭಕ್ತಿ ಅಂದರೆ ಅಲ್ಲಿ ಮಕ್ಕಳಿಗೂ ಗೊತ್ತು. ತುಂಗೆಯ ಆಚೆ ದಡದ ಹೊಸಹಳ್ಳಿಯಲ್ಲಿ ಇನ್ನೊಂದು ಅರ್ಥದ ಗಮಕ, ಅಂದರೆ ಕಾವ್ಯವಾಚನ, ಇದೆ. ಕುಮಾರವ್ಯಾಸನ ಪದ್ಯವನ್ನು ಅರ್ಥ ಕೆಡದ ಹಾಗೆ ಪದ ಬಿಡಿಸಿ ರಾಗದಲ್ಲಿ ಓದುವುದನ್ನು ಕೇಳಿ ಬೆಳೆದ ಜನ ನಾವು. ದೀಕ್ಷಿತರಿಗೂ ಅದೇ ಬೇಕು. ಚೌಕಕಾಲದಲ್ಲಿ, ಅಂದರೆ ನಿಧಾನದ ನಡೆಯಲ್ಲಿ, ಒಂದು ಪದ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಅಂದರೆ, ಸಾಹಿತ್ಯ ಮೊದಲೇ ಓದಿಕೊಂಡಿಲ್ಲದಿದ್ದರೆ ತುದಿ ಸಿಗುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಹಾಗಾಗಿ ನಾನು ಕೃತಿ ಕೇಳುವ ಮೊದಲು ಸಾಹಿತ್ಯವನ್ನು ಸುಮ್ನೆ ಗಟ್ಟಿಯಾಗಿ ಓದುತ್ತೇನೆ, ಪದ್ಯ ಓದುವ ಹಾಗೆ. ಆಮೇಲೆ ಚರಣದ ಕೊನೆಯಲ್ಲಿ ಮಧ್ಯಮಕಾಲದ ಸಾಲುಗಳು ಬಂದಾಗ ಸಿಗುವ ಖುಷಿಯೇ ಬೇರೆ. ಅಷ್ಟು ಹೊತ್ತು ನಿಧಾನಕ್ಕೆ ನಡೆದದ್ದು ಅಲ್ಲಿ ಇದ್ದಕ್ಕಿದ್ದಂತೆ ಎರಡು ಪಟ್ಟು ವೇಗದಲ್ಲಿ ಹರಿಯುತ್ತದೆ, ಪದಗಳು ಒಂದರ ಬೆನ್ನಿಗೆ ಒಂದು ಬರುತ್ತವೆ.

ಹಣದ ವಿಷಯದಲ್ಲಿ ಅವರು ಯಾರ ಮುಂದೆಯೂ ಬಗ್ಗಲಿಲ್ಲ. ಲಲಿತ ರಾಗದ ‘ಹಿರಣ್ಮಯೀಂ ಲಕ್ಷ್ಮೀಂ’ ಕೃತಿಯಲ್ಲಿ ಹೀನ ಮನುಷ್ಯರ ಆಶ್ರಯವನ್ನು ಬಿಡುತ್ತೇನೆ ಅಂತ ನೇರವಾಗಿ ಹೇಳಿದ್ದಾರೆ. ಆದರೆ ವಿದ್ಯೆ ಕೊಡುವುದರಲ್ಲಿ ಧಾರಾಳಿ. ತಂಜಾವೂರಿನ ಪೊನ್ನಯ್ಯ, ಚಿನ್ನಯ್ಯ, ಶಿವಾನಂದಂ, ವಡಿವೇಲು, ಈ ನಾಲ್ವರು ಅಣ್ಣತಮ್ಮಂದಿರು ಅವರ ಶಿಷ್ಯರು. ಇವತ್ತಿನ ಭರತನಾಟ್ಯದ ಕ್ರಮ ಕಟ್ಟಿಕೊಟ್ಟವರು ಇವರೇ. ಅವರಲ್ಲಿ ಚಿನ್ನಯ್ಯ ಮುಂದೆ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು.

ಕೊನೆಯ ದಿನಗಳು ಎಟ್ಟಯಪುರದಲ್ಲಿ. ತಮ್ಮ ಬಾಲುಸ್ವಾಮಿ ಅಲ್ಲಿನ ಆಸ್ಥಾನದಲ್ಲಿದ್ದರು. ಅದು ಒಣ ಸೀಮೆ. ದಾರಿಯಲ್ಲಿ ಬರಗಾಲ ನೋಡಿ ಅಮೃತವರ್ಷಿಣಿಯಲ್ಲಿ ‘ಆನಂದಾಮೃತಾಕರ್ಷಿಣಿ’ ಹಾಡಿದರು, ಮಳೆ ಸುರಿಯಿತು, ಜಾಸ್ತಿಯಾದಾಗ ನಿಲ್ಲಿಸು ಅಂತಲೂ ಹಾಡಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆಗುಂಬೆಯ ಈ ಕಡೆ ಇರುವ ನಮಗೆ ಆಷಾಢದಲ್ಲಿ ಕಥೆಯ ಎರಡನೆಯ ಭಾಗವೇ ಬೇಕಾಗುತ್ತದೆ. ನನಗೆ ಆಶ್ಚರ್ಯ ಅನ್ನಿಸುವುದು ಆ ರಾಗದಲ್ಲಿ ಇರುವುದು ಐದೇ ಸ್ವರ ಅನ್ನುವುದು. ರಿಷಭ ಇಲ್ಲ, ಧೈವತ ಇಲ್ಲ. ಅಷ್ಟರಲ್ಲೇ ಮಳೆ ಬೇಡುವ ದನಿ ಇದೆ.

1835ರ ದೀಪಾವಳಿಯ ದಿನ, ಶಿಷ್ಯರು ‘ಮೀನಾಕ್ಷಿ ಮೇ ಮುದಂ’ ಹಾಡುತ್ತಿದ್ದಾಗ ಅವರು ತೀರಿಕೊಂಡರು ಅಂತ ಹೇಳುತ್ತಾರೆ. ಸಮಾಧಿ ಎಟ್ಟಯಪುರದಲ್ಲೇ ಇದೆ.

ಕೃತಿಗಳು ಉಳಿದದ್ದು ಆ ಮನೆಯವರಿಂದಲೇ. ಬಾಲುಸ್ವಾಮಿಯವರ ಮಗಳ ಮಗ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚು ಹಾಕಿಸಿದರು. ಅದರಲ್ಲಿ ದೀಕ್ಷಿತರ 229 ಕೃತಿಗಳು ಸ್ವರದ ಸಮೇತ ಇವೆ, ಗಮಕಗಳಿಗೂ ಗುರುತು ಹಾಕಿದ್ದಾರೆ. ಎರಡು ವರ್ಷದಲ್ಲಿ ಅವರೂ ತೀರಿಕೊಂಡರು. ಆ ಪುಸ್ತಕ ತೆಲುಗು ಲಿಪಿಯಲ್ಲಿದೆ. ಕನ್ನಡ ಓದುವವರು ಸ್ವಲ್ಪ ತಾಳ್ಮೆ ಇಟ್ಟರೆ ಅಕ್ಷರ ಕೂಡಿಸಿ ಓದಬಹುದು. ವಿದ್ವತ್ ಪರೀಕ್ಷೆಗೆ ಕೂರುವ ನಮ್ಮೂರ ಮಕ್ಕಳು ಒಂದು ಕೃತಿಯನ್ನಾದರೂ ಅಲ್ಲಿಂದ ತೆಗೆದು, ತಾವು ಕಲಿತ ಪಾಠಾಂತರದ ಪಕ್ಕ ಇಟ್ಟು ನೋಡಬೇಕು. ಎಷ್ಟೋ ಕಡೆ ನಾವು ಈಗ ಹಾಡುವುದು ಓಡುತ್ತದೆ, ಪುಸ್ತಕದಲ್ಲಿರುವುದು ನಡೆಯುತ್ತದೆ.

ಹೊಸದಾಗಿ ಕೇಳುವವರು ‘ಜಂಬೂಪತೇ’ಯಿಂದ ಶುರು ಮಾಡಿ. ಅದು ಪಂಚಭೂತಗಳಲ್ಲಿ ನೀರಿನ ಕೃತಿ, ಗಂಗಾ, ಕಾವೇರಿ, ಯಮುನಾ ಮೂರೂ ಹೆಸರು ಬರುತ್ತವೆ. ಹಿಂದೂಸ್ತಾನಿ ಕೇಳಿ ಅಭ್ಯಾಸ ಇದ್ದವರಿಗಂತೂ ಮೊದಲ ಸಾಲಿಗೇ ಹಿಡಿಸುತ್ತದೆ. ಆಮೇಲೆ ‘ಶ್ರೀನಾಥಾದಿ’. ಆಮೇಲೆ ನವಾವರಣ, ಕ್ರಮವಾಗಿ, ಒಂದು ದಿನಕ್ಕೆ ಒಂದೇ.

ಇನ್ನೊಂದು ಆಸೆ ಇದೆ. ತಮಿಳುನಾಡಿನ ಕೆಲವು ಮನೆ, ದೇವಸ್ಥಾನಗಳಲ್ಲಿ ನವರಾತ್ರಿಯ ಒಂಬತ್ತು ರಾತ್ರಿ ಈ ಒಂಬತ್ತು ಕೃತಿಗಳನ್ನು ಹಾಡುತ್ತಾರೆ. ನಮ್ಮ ಶಿವಮೊಗ್ಗದಲ್ಲೂ ದಸರೆ ಜೋರಾಗಿ ನಡೆಯುತ್ತದೆ. ಮೈಕು, ಮೆರವಣಿಗೆ ಅದರ ಪಾಡಿಗೆ ಇರಲಿ. ಪಕ್ಕದಲ್ಲಿ ಒಂದು ಸಣ್ಣ ಹಾಲಿನಲ್ಲಿ ಸಂಜೆ ಒಂದು ಗಂಟೆ, ಮೊದಲು ಯಾರಾದರೂ ಸಾಹಿತ್ಯದ ಅರ್ಥ ಹೇಳಲಿ, ಆಮೇಲೆ ಒಬ್ಬರು ಹಾಡಲಿ, ವೀಣೆ ಇದ್ದರೆ ಇನ್ನೂ ಒಳ್ಳೆಯದು. ಹಾಡುವವರು, ಅರ್ಥ ಹೇಳುವವರು ಇಬ್ಬರೂ ಈ ಊರಲ್ಲಿ ಇದ್ದಾರೆ. ಘಂಟಾ ರಾಗದ ಪಾಠ ಗೊತ್ತಿರುವವರು ಮಾತ್ರ ಸಿಗಬೇಕು. ನಿಮಗೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಈ ಸಲವೇ ಮಾಡೋಣ.